ವಿಚಾರಣೆ ನಡೀತಿರೋವಾಗ್ಲೇ ಅಧ್ಯಕ್ಷರ ಭಾಷಣ ಹೆಂಗೆ? ಲಾಯರ್ ಸರ್‌ಗೊಂದು ಡೌಟು

ಪ್ರಶ್ನೆ: ಸರ್ ನಮಸ್ತೆ, ನಿನ್ನೆ ಆ ಹಳೇ ವಿಡಿಯೋ ಮತ್ತೆ ನೋಡ್ದೆ, 2020 ಫೆಬ್ರವರಿ 4ರದ್ದು, ಅಮೆರಿಕಾ ಅಧ್ಯಕ್ಷ ಟ್ರಂಪ್ ಸಂಸತ್ತಲ್ಲಿ ವರ್ಷದ ಭಾಷಣ ಮುಗಿಸ್ತಿದ್ದಂಗೆ ಹಿಂದ್ಗಡೆ ಕೆಳಮನೆ ಸ್ಪೀಕರ್ ಪೆಲೋಸಿ ಕಾಪಿನ ಪರಪರ ಅಂತ ಹರೀತಾರಲ್ಲ ಅದು. ಆಗ ಮೇಲ್ಮನೆ ಸೆನೆಟ್‌ನಲ್ಲಿ ಟ್ರಂಪ್ ಮೇಲಿನ ವಾಗ್ದಂಡನೆ ವಿಚಾರಣೆ, ಅಂದ್ರೆ ಹುದ್ದೆಯಿಂದ ತೆಗೀಬೇಕಾ ಅನ್ನೋದು, ಇನ್ನೂ ಮುಗಿದಿರ್ಲಿಲ್ವಂತೆ! ತೀರ್ಪು ಕೊಡೋರ ಮುಂದೇನೇ ಆರೋಪಿ ಗಂಟೆಗಟ್ಲೆ ಮಾತಾಡೋದಾ? ಒಂದೆರಡು ದಿನ ಮುಂದಕ್ಕೆ ಹಾಕಕ್ಕೆ ಏನಾಗಿತ್ತು?

ಉತ್ತರ: ಹಾಕ್ಬಹುದಿತ್ತು, ಕಾನೂನೇನೂ ಅಡ್ಡ ಬರ್ತಿರ್ಲಿಲ್ಲ. ಅಮೆರಿಕಾ ಸಂವಿಧಾನ ಹೇಳೋದು ಅಧ್ಯಕ್ಷರು ಆಗಾಗ ದೇಶದ ಸ್ಥಿತಿಗತಿ ಅವರ ಸಂಸತ್ತು ಕಾಂಗ್ರೆಸ್‌ಗೆ ತಿಳಿಸ್ಬೇಕು ಅಂತ ಅಷ್ಟೇ, ತಾರೀಖೂ ಇಲ್ಲ, ಬಂದು ನಿಂತು ಓದ್ಬೇಕು ಅಂತಾನೂ ಇಲ್ಲ, ಹಳೇ ಅಧ್ಯಕ್ಷ ಜೆಫರ್ಸನ್‌ರಿಂದ ಹಿಡಿದು 1913ರಲ್ಲಿ ವಿಲ್ಸನ್ ಬರೋ ತನಕ ಬರೆದು ಕಳಿಸ್ತಿದ್ರು. ಈಗ ಭಾಷಣ ನಡೆಯೋದು ಕೆಳಮನೆ ಹಾಲ್‌ನಲ್ಲಿ, ಅದಕ್ಕೆ ಸ್ಪೀಕರ್ ಕರೀಬೇಕು. ತಮಾಷೆ ಏನಂದ್ರೆ ಫೆಬ್ರವರಿ 4ಕ್ಕೆ ಬನ್ನಿ ಅಂತ ಪತ್ರ ಬರೆದಿದ್ದು ಅದೇ ಪೆಲೋಸಿ, ಅದೂ ಕೆಳಮನೆ ವಾಗ್ದಂಡನೆ ಪಾಸ್ ಮಾಡಿ ಎರಡೇ ದಿನಕ್ಕೆ, 2019 ಡಿಸೆಂಬರ್ 20ರಂದು. ಆಮೇಲೆ ಆರೋಪಪಟ್ಟಿನ ಸೆನೆಟ್‌ಗೆ ಕಳಿಸ್ದೇ ಜನವರಿ 15ರ ತನಕ ಹಿಡಿದಿಟ್ಕೊಂಡಿದ್ದೂ ಅವರೇ. ಅಲ್ಲಿ ತಡ ಆಗಿದ್ದಕ್ಕೇ ಇಲ್ಲಿ ಎರಡೂ ಡಿಕ್ಕಿ ಹೊಡೆದಿದ್ದು.

ಭಾಷಣದಿಂದ ವೋಟು ತಿರುಗ್ತು ಅಂತ ನಂಗನ್ಸಲ್ಲ. ಜನವರಿ 31ಕ್ಕೇ ಸಾಕ್ಷಿ ಕರೆಸೋದು ಬೇಡ ಅಂತ 51-49ರಲ್ಲಿ ಆಗೋಗಿತ್ತು, ಕೊನೇ ವೋಟು ಫೆಬ್ರವರಿ 5ಕ್ಕೆ ಅಂತಾನೂ ಫಿಕ್ಸು.

ಇನ್ನೊಬ್ಬ ಸದಸ್ಯರು: ಕ್ಲಿಂಟನ್ ಟೈಮಲ್ಲೂ ಹಿಂಗೇ ಆಗಿತ್ತಲ್ವಾ ಸರ್?

ಉತ್ತರ: ಅದು ಇದಕ್ಕಿಂತ ಮಜಾ ಇದೆ. 1999 ಜನವರಿ 19, ಮಧ್ಯಾಹ್ನ ಸೆನೆಟ್‌ನಲ್ಲಿ ಅವರ ವಕೀಲ ಚಾರ್ಲ್ಸ್ ರಫ್ ವ್ಹೀಲ್‌ಚೇರ್‌ನಲ್ಲಿ ಕೂತೇ ವಾದ ಶುರು ಮಾಡಿದ್ರು, ಅವತ್ತೇ ರಾತ್ರಿ ಅದೇ ಕಟ್ಟಡದ ಇನ್ನೊಂದು ತುದೀಲಿ ಕಕ್ಷಿದಾರರ ಭಾಷಣ! ಮುಂದಕ್ಕೆ ಹಾಕಿ ಅಂತ ಕೆಲವು ರಿಪಬ್ಲಿಕನ್ನರು ಕೇಳಿದ್ರು, ವೈಟ್‌ಹೌಸ್ ಕೇಳ್ಲಿಲ್ಲ. ಕ್ಲಿಂಟನ್ ಒಂದೇ ಒಂದ್ಸಲಾನೂ ವಾಗ್ದಂಡನೆ ಮಾತು ಎತ್ತಲಿಲ್ಲ, ಬಜೆಟ್‌ನಲ್ಲಿ ಉಳಿದ ದುಡ್ಡು, ವಯಸ್ಸಾದೋರ ಪಿಂಚಣಿ ಇದೇ ಮಾತು. ನನ್ನ ಕೇಳಿದ್ರೆ ವಕೀಲರು ಹೇಳಿಕೊಡೋದೂ ಅದನ್ನೇ, ಕೇಸ್ ಬಗ್ಗೆ ಬಾಯಿ ಬಿಡ್ಬೇಡಿ, ಕೆಲಸ ಮಾಡ್ತಿರೋ ಥರ ಕಾಣಿಸ್ಕೊಳ್ಳಿ. ಟ್ರಂಪೂ ಅದನ್ನೇ ಮಾಡಿದ್ರು, ಆಶ್ಚರ್ಯ!

ಪ್ರಶ್ನೆ: ನಮ್ಮ ರಾಷ್ಟ್ರಪತಿಗಳಿಗೂ ಹಿಂಗಾಗ್ಬಹುದಾ?

ಉತ್ತರ: 87ನೇ ವಿಧಿ ಪ್ರಕಾರ ಪ್ರತಿವರ್ಷದ ಮೊದಲ ಅಧಿವೇಶನದಲ್ಲಿ ಭಾಷಣ ಮಾಡ್ಲೇಬೇಕು, 61ನೇ ವಿಧಿ ವಾಗ್ದಂಡನೆ ಇಲ್ಲಿವರೆಗೂ ಯಾರ ಮೇಲೂ ಆಗಿಲ್ಲ. ಆದ್ರೂ ಬಿಡಿ, ನಮ್ಮಲ್ಲಿ ಆ ಭಾಷಣ ಸರ್ಕಾರ ಬರೆದುಕೊಡೋದು, ಅವರು ಓದೋದು.

ಪ್ರಶ್ನೆ: ಹಂಗಾದ್ರೆ ಹರಿಯೋದಾದ್ರೂ ಯಾರ ಕಾಪಿನ 😄