ಪಾಲಿಟಿ ಮತ್ತು ಯುಸಿಡಿಪಿ ಮರ್ಜ್ ಮಾಡಿದಾಗ ಸಾಲುಗಳು ಖಾಲಿ

ಪ್ರಶ್ನೆ

ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧಕ್ಕಿಳಿಯುವುದು ಅಪರೂಪ ಎಂಬ ವಾದವನ್ನು 1946ರಿಂದೀಚೆಗಿನ ದೇಶ-ಜೋಡಿಗಳ ಮೇಲೆ ಪರೀಕ್ಷಿಸುತ್ತಿದ್ದೇನೆ. ಯುಸಿಡಿಪಿ (ಉಪ್ಸಾಲಾ ವಿಶ್ವವಿದ್ಯಾಲಯದ ಸಶಸ್ತ್ರ ಸಂಘರ್ಷಗಳ ಪಟ್ಟಿ) ಬಳಸುವ ದೇಶದ ಕೋಡ್‌ಗಳಿಗೆ ಪಾಲಿಟಿ ಅಂಕ (ದೇಶ ಎಷ್ಟು ಪ್ರಜಾಸತ್ತಾತ್ಮಕ ಎಂಬುದಕ್ಕೆ ಪ್ರತಿ ವರ್ಷ −10ರಿಂದ +10ರ ಅಂಕ) ಸೇರಿಸಿದರೆ, ಅಂದರೆ ಮರ್ಜ್ ಮಾಡಿದರೆ, 1990ರ ನಂತರದ ಜರ್ಮನಿ, ಯೆಮನ್ ಖಾಲಿ ಬರುತ್ತಿವೆ. ಕೆಲವು ದೇಶಗಳ ಸರಾಸರಿ −10ಕ್ಕಿಂತ ಕೆಳಗಿದೆ. ಯುಸಿಡಿಪಿ ಬದಲು ಕೋರಿಲೇಟ್ಸ್ ಆಫ್ ವಾರ್ ಎಂಬ ಇನ್ನೊಂದು ಯುದ್ಧಗಳ ಪಟ್ಟಿ ಹಾಕಿದರೆ ಫಲಿತಾಂಶವೇ ಬೇರೆ. ಯಾವುದನ್ನು ನೆಚ್ಚಿಕೊಳ್ಳಲಿ?

ಉತ್ತರ 1

ಖಾಲಿ ಸಾಲಿಗೆ ಕಾರಣ ದೇಶದ ಕೋಡ್. ಯುಸಿಡಿಪಿಯಲ್ಲಿ ಏಕೀಕೃತ ಜರ್ಮನಿ 260, ಯೆಮನ್ 678. ಪಾಲಿಟಿಯಲ್ಲಿ 255 ಮತ್ತು 679. ವಿಯೆಟ್ನಾಂ, 1993ರ ನಂತರದ ಇಥಿಯೋಪಿಯ, 1971ಕ್ಕೆ ಮುಂಚಿನ ಪಾಕಿಸ್ತಾನಕ್ಕೂ ಪಾಲಿಟಿಯ ಕೋಡ್ ಬೇರೆ. ಕೋಡ್, ಆರಂಭ ವರ್ಷ, ಅಂತ್ಯ ವರ್ಷ ಇರುವ ಹೊಂದಾಣಿಕೆ ಪಟ್ಟಿಯನ್ನು ಮೊದಲು ಮಾಡಿಕೊಳ್ಳಿ. ಮರ್ಜ್ ಆದ ಮೇಲೆ ಎರಡೂ ಕಡೆ ಹೊಂದದೆ ಉಳಿದ ಸಾಲುಗಳನ್ನು ಕಣ್ಣಾರೆ ನೋಡಿ, ಸಾಫ್ಟ್‌ವೇರ್ ಎಚ್ಚರಿಸುವುದಿಲ್ಲ.

ಸರಾಸರಿ ಕುಸಿದದ್ದು −66, −77, −88ರಿಂದ. ಅವು ಅಂಕಗಳಲ್ಲ: ವಿದೇಶಿ ಪಡೆಗಳ ಹಿಡಿತ, ಆಡಳಿತದ ಕುಸಿತ, ಸಂಕ್ರಮಣ ಎಂಬ ಗುರುತುಗಳು. ಈ ಗುರುತುಗಳನ್ನು ಬದಲಾಯಿಸಿ ಕೊಟ್ಟಿರುವ ಪಾಲಿಟಿ2 ಕಾಲಂ ಬಳಸಿ. ಆದರೆ ಅದು −77ನ್ನು 0 ಮಾಡುತ್ತದೆ, ಅಂದರೆ ಸರ್ಕಾರವೇ ಇಲ್ಲದ ದೇಶ ಅರೆ-ಪ್ರಜಾಪ್ರಭುತ್ವವಾಗಿ ಕಾಣುತ್ತದೆ. ಆ ವರ್ಷಗಳನ್ನು ಬಿಟ್ಟು ಇನ್ನೊಮ್ಮೆ ಮಾಡೆಲ್ ಓಡಿಸಲೇಬೇಕು.

ಉತ್ತರ 2

ಎರಡು ಪಟ್ಟಿಗಳು ಅಳೆಯುವುದೇ ಬೇರೆ ಬೇರೆ. ಯುಸಿಡಿಪಿಗೆ ಕ್ಯಾಲೆಂಡರ್ ವರ್ಷದಲ್ಲಿ 25 ಕದನ-ಸಂಬಂಧಿ ಸಾವು ಸಾಕು, ಗುಂಡಿನ ಚಕಮಕಿಗೆ ಸಿಕ್ಕ ನಾಗರಿಕರೂ ಎಣಿಕೆಗೆ ಬರುತ್ತಾರೆ. ಕೋರಿಲೇಟ್ಸ್ ಆಫ್ ವಾರ್ ಕೇಳುವುದು 12 ತಿಂಗಳಲ್ಲಿ 1000 ಯೋಧರ ಸಾವು. ನಿಮ್ಮ ಸಿದ್ಧಾಂತ ಪೂರ್ಣ ಯುದ್ಧದ ಬಗ್ಗೆಯೋ, ಗಡಿ ಘರ್ಷಣೆಯ ಬಗ್ಗೆಯೋ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಪಟ್ಟಿ ಆರಿಸಿ.

ಇದಕ್ಕಿಂತ ದೊಡ್ಡ ಅಪಾಯ ದಿನಾಂಕದ್ದು. ಪಾಲಿಟಿ ಅಂಕ ಡಿಸೆಂಬರ್ 31ರ ಸ್ಥಿತಿ. ಕಾರ್ಗಿಲ್ ಯುದ್ಧ ನಡೆದದ್ದು 1999ರ ಮೇ–ಜುಲೈನಲ್ಲಿ, ಇಸ್ಲಾಮಾಬಾದಿನಲ್ಲಿ ಚುನಾಯಿತ ಸರ್ಕಾರವಿದ್ದಾಗ. ಸೇನಾ ದಂಗೆ ಅಕ್ಟೋಬರ್ 12ರಂದು. ಅದೇ ವರ್ಷದ ಅಂಕ ಜೋಡಿಸಿದರೆ ಪಾಕಿಸ್ತಾನಕ್ಕೆ ಋಣಾಂಕ ಬಂದು, ಈ ವಾದಕ್ಕೆ ಅತ್ಯಂತ ಮುಜುಗರ ತರುವ ಪ್ರಕರಣ ಸದ್ದಿಲ್ಲದೆ ಅಳಿಸಿಹೋಗುತ್ತದೆ! ಹಿಂದಿನ ವರ್ಷದ ಅಂಕ ಹಾಕಿ.

ಉತ್ತರ 3

ಒಂದು ಸೇರ್ಪಡೆ. 190 ದೇಶಗಳಾದರೆ ವರ್ಷಕ್ಕೆ 17,955 ಜೋಡಿ, ಬಹುಪಾಲು ಸೊನ್ನೆ, ಅಂದರೆ ಯುದ್ಧವಿಲ್ಲ. ಯುದ್ಧ ಶುರುವಾದ ವರ್ಷಕ್ಕಷ್ಟೇ 1 ಕೊಡಿ, ಮುಂದುವರಿದ ವರ್ಷಗಳನ್ನು ತೆಗೆಯಿರಿ. ಲಾಜಿಟ್‌ಗೆ (0/1 ಫಲಿತಾಂಶದ ಸಂಭವನೀಯತೆ ಅಂದಾಜಿಸುವ ಮಾಡೆಲ್) ಆ ಜೋಡಿಯ ಶಾಂತಿಯ ವರ್ಷಗಳ ಎಣಿಕೆ, ಅದರ ವರ್ಗ, ಘನ ಮೂರನ್ನೂ ಸೇರಿಸಿ. ಘನವನ್ನು 1000ದಿಂದ ಭಾಗಿಸದಿದ್ದರೆ ಲೆಕ್ಕಾಚಾರ ಒಮ್ಮೊಮ್ಮೆ ಕೈಕೊಡುತ್ತದೆ. ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಜೋಡಿವಾರು ಕ್ಲಸ್ಟರ್ ಆಗಿರಲಿ, ಅಂದರೆ ಒಂದೇ ಜೋಡಿಯ ಸಾಲುಗಳನ್ನು ಒಂದು ಗುಂಪಾಗಿ ಪರಿಗಣಿಸಿ.