ಪ್ರಮೋಷನ್ ಸಂದರ್ಶನದಲ್ಲಿ ‘ಮದುವೆ ಯಾವಾಗ?’ ಅಂತ ಕೇಳಬಹುದಾ?

ಪ್ರಶ್ನೆ: ನಮಸ್ಕಾರ ಲಾಯರ್ ಮೇಡಂ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಸೂಪರ್‌ವೈಸರ್ ಹುದ್ದೆಗೆ ಸಂದರ್ಶನ ಇತ್ತು. ನನ್ನ ಜೊತೆಯವನಿಗೆ ಮಷೀನ್ ಬಗ್ಗೆ ಕೇಳಿದರು, ನನಗೆ "ಮದುವೆ ಯಾವಾಗಮ್ಮಾ?" ಅಂದರು. ಹುದ್ದೆ ಅವನಿಗೇ ಹೋಯಿತು. "ಸರ್ಕಾರಿ ಕೆಲಸಕ್ಕಾದ್ರೆ ಕಾನೂನಿದೆ, ಪ್ರೈವೇಟ್‌ಗೆ ಎಲ್ಲಿದೆ?" ಅನ್ನುತ್ತಾರೆ ಎಚ್‌ಆರ್. ನಿಜವಾ?

ಉತ್ತರ: ಸುಳ್ಳು. 1974ರಲ್ಲಿ ಮಹಿಳೆಯರ ಸ್ಥಿತಿಗತಿ ಸಮಿತಿ ಕೊಟ್ಟ ವರದಿ ಸರ್ಕಾರಕ್ಕೆ ಮುಜುಗರ ತಂದಿತ್ತು. ಮರುವರ್ಷ ಸುಗ್ರೀವಾಜ್ಞೆ, 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಅದು ಖಾಸಗಿಯವರಿಗೂ ಅನ್ವಯವಾಗುತ್ತಿತ್ತು. ಹೆಣ್ಣು-ಗಂಡು ಅಂತ ಭೇದ ಮಾಡಬಾರದು ಅನ್ನೋದು ಮೊದಲು ಸಂಬಳ ಮತ್ತು ನೇಮಕಾತಿಗೆ ಅಷ್ಟೇ ಇತ್ತು. ಬಡ್ತಿ, ತರಬೇತಿ, ವರ್ಗಾವಣೆ ಸೇರಿದ್ದು 1987ರಲ್ಲಿ. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಅನ್ನೋ ಕಾನೂನು ಇದೆ, ಅದೂ ಖಾಸಗಿಯವರಿಗೆ ಅನ್ವಯ.

ಇನ್ನು ಸರ್ಕಾರವೇನು ಸಾಚಾ ಆಗಿರಲಿಲ್ಲ. ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡ್ತೀನಿ ಅಂತ ಬರೆದುಕೊಡಬೇಕಾಯಿತು. ಮದುವೆಗೆ ಮೊದಲು ಹೆಣ್ಣುಮಕ್ಕಳು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು ಅಂತ ಆಮೇಲೆ ನಿಯಮವೇ ಬಂತು. ಗಂಡಸರಿಗೆ ಇದ್ಯಾವುದೂ ಇಲ್ಲ! ಬಡ್ತಿ ತಪ್ಪಿದಾಗ ಆಕೆ ಸುಪ್ರೀಂ ಕೋರ್ಟಿಗೇ ಹೋದರು. ಕೇಸ್ ನಡೆಯುವಾಗಲೇ ಬಡ್ತಿ ಕೊಟ್ಟು, ಆ ನಿಯಮವನ್ನೂ ತೆಗೆದುಹಾಕಿದರು. ಹಾಗಾಗಿ 1979ರಲ್ಲಿ ಅರ್ಜಿಯೇನೋ ವಜಾ ಆಯಿತು. ಆದರೆ ಸಂಸಾರದ ಜವಾಬ್ದಾರಿ ಗಂಡಸಿಗೂ ಇರುತ್ತೆ ಅಲ್ವಾ ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರ್ಕಾರಕ್ಕೆ ಚೆನ್ನಾಗಿಯೇ ಚಾಟಿ ಬೀಸಿದರು.

ಇನ್ನೊಬ್ಬರ ಪ್ರಶ್ನೆ: ಗಗನಸಖಿಯರ ಕೇಸ್ ಕೂಡ ಇದೇ ತರಹದ್ದಾ?

ಉತ್ತರ: ಹೌದು, ಏರ್ ಇಂಡಿಯಾ ಕೇಸ್, 1981. ಮೊದಲ ಬಾರಿ ಗರ್ಭಿಣಿಯಾದರೆ ಕೆಲಸದಿಂದ ತೆಗೆಯುವ ನಿಯಮವನ್ನು ಕೋರ್ಟ್ ರದ್ದು ಮಾಡಿತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು ಅನ್ನೋದನ್ನು ಮಾತ್ರ ಉಳಿಸಿತು. ನನ್ನ ಪ್ರಕಾರ ಅದು ಅರ್ಧ ಗೆಲುವು.

ಮೊದಲನೆಯವರು: ಈಗ ನಾನೇನು ಮಾಡಲಿ ಮೇಡಂ?

ಉತ್ತರ: ಸಂದರ್ಶನದಲ್ಲಿ ಯಾರ್ಯಾರಿದ್ದರು, ಯಾರು ಏನು ಕೇಳಿದರು, ಯಾವ ದಿನ ಅಂತ ಇವತ್ತೇ ಬರೆದಿಡಿ. ಬಡ್ತಿ ಯಾಕೆ ಕೊಟ್ಟಿಲ್ಲ ಅಂತ ಇಮೇಲ್‌ನಲ್ಲೇ ಕೇಳಿ, ಬಾಯಿಮಾತು ಬೇಡ. ಬರೀ ಮದುವೆ ಪ್ರಶ್ನೆ ಕೇಳಿದರು ಅಂದರೆ ಸಾಲದು. ಅದೇ ಪ್ರಶ್ನೆ ಅವನಿಗೆ ಕೇಳಿಲ್ಲ ಅನ್ನೋದೇ ನಿಮ್ಮ ಕೈಯಲ್ಲಿರುವ ಗಟ್ಟಿ ಅಂಶ. ಆ ಹುಡುಗ ಅದನ್ನು ಬರೆದುಕೊಟ್ಟರೆ ಇನ್ನೂ ಒಳ್ಳೇದು. ಎಚ್‌ಆರ್ ಉತ್ತರ ಕೊಡದಿದ್ದರೆ ಇದನ್ನೆಲ್ಲ ಹಿಡಿದುಕೊಂಡು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. ನಿಮ್ಮ ಏರಿಯಾದ ಕಾರ್ಮಿಕ ಅಧಿಕಾರಿ ಯಾರು ಅಂತ ಅಲ್ಲಿ ಹೇಳುತ್ತಾರೆ.