"ನೀವಿದೀರಲ್ಲ, ಇನ್ನೇನು ಪ್ಲಾನ್" ಅಂತಾರೆ, ಏನ್ ಮಾಡ್ಲಿ? (ಥೆರಪಿಸ್ಟ್ ಮೇಡಂಗೆ ಪ್ರಶ್ನೆ)

ಪ್ರಶ್ನೆ (ಹೋಂ ಕೇರ್ ಕೆಲಸದವರು): ಮೇಡಂ ನಮಸ್ತೆ. ನಾನು ಒಬ್ರು ಸರ್‌ನ ನೋಡ್ಕೊಳ್ತೀನಿ, ಬೆನ್ನುಹುರಿಗೆ ಏಟಾಗಿ ಎದೆಯಿಂದ ಕೆಳಗೆ ಸ್ವಾಧೀನ ಇಲ್ಲ, ಪವರ್ ವೀಲ್‌ಚೇರ್, ಯೂರಿನ್ ಬ್ಯಾಗ್ ಇದೆ, ಮನೆ ಮೂರನೇ ಮಹಡಿ. ಹೋದ ವಾರ ರಾತ್ರಿ ಬಿಲ್ಡಿಂಗಲ್ಲಿ ಫೈರ್ ಅಲಾರಂ ಹೊಡ್ಕೊಳ್ತು, ಲಿಫ್ಟ್ ಬಂದ್, ಎಲ್ಲಾರೂ ದಡದಡ ಅಂತ ಇಳಿದು ಹೋದ್ರು, ನಾವಿಬ್ರೇ ಮೇಲೆ. ಕೊನೆಗೆ ನೋಡಿದ್ರೆ ಕೆಳಗಡೆ ಯಾವ್ದೋ ವೈರ್ ಸುಟ್ಟಿತ್ತು ಅಷ್ಟೇ. ಆದ್ರೆ ಆ ಹತ್ತು ನಿಮಿಷ ನನಗೆ ಕೈಕಾಲೇ ಆಡ್ಲಿಲ್ಲ. ಪ್ಲಾನ್ ಏನಾದ್ರೂ ಮಾಡೋಣ ಅಂದ್ರೆ ಮನೆಯವರು "ನೀವಿದೀರಲ್ಲ" ಅಂತಾರೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ (ಆಕ್ಯುಪೇಶನಲ್ ಥೆರಪಿಸ್ಟ್): ಆ "ನೀವಿದೀರಲ್ಲ" ಅನ್ನೋ ಮಾತನ್ನ ನಾನು ಎಷ್ಟು ಮನೇಲಿ ಕೇಳಿದೀನೋ ಲೆಕ್ಕ ಇಲ್ಲ. ನೀವು ರಜದಲ್ಲಿರೋ ದಿನಾನೇ ಅಲಾರಂ ಹೊಡೆದ್ರೆ? ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಸಹಾಯಕರು ಬರಕ್ಕಾಗದೇ ಇರೋ ದಿನ ಏನಾಗತ್ತೆ ಅಂತ ಮೊದಲು ಬರೀರಿ, ಮಿಕ್ಕಿದ್ದು ತಾನಾಗೇ ಬರತ್ತೆ.

ಸರ್ ಜೊತೆ ಕೂತು ಅವರ ಒಂದು ದಿನ ಪೂರ್ತಿ ಬರೀರಿ, ಎದ್ದಾಗಿಂದ ಮಲಗೋವರೆಗೆ. ಬೆಡ್ಡಿಂದ ಚೇರ್‌ಗೆ ಬರೋದು, ಬ್ಯಾಗ್ ಖಾಲಿ ಮಾಡೋದು, ಮಾತ್ರೆ, ರಾತ್ರಿ ಮಗ್ಗುಲು ಬದಲಾಯಿಸೋದು, ಚಾರ್ಜಿಂಗ್. ಒಂದೊಂದರ ಮುಂದೆನೂ ಇದಕ್ಕೆ ಕರೆಂಟ್ ಬೇಕಾ, ಇನ್ನೊಬ್ಬರ ಕೈ ಬೇಕಾ, ಇದಿಲ್ದೇ ಎಷ್ಟು ಹೊತ್ತು ತಡೀಬೋದು ಅಂತ ಹಾಕಿ. ಯಾವ್ದು ಗಂಟೆಗಳಲ್ಲೇ ಕೈಕೊಡತ್ತೋ ಅದು ಲಿಸ್ಟಲ್ಲಿ ಮೇಲೆ.

ಬೆಂಕಿ ವಿಷಯಕ್ಕೆ ಬಂದ್ರೆ, ಲಿಫ್ಟ್ ಹತ್ತೋ ಹಾಗಿಲ್ಲ. ಪವರ್ ಚೇರ್ ಬ್ಯಾಟರಿ ಸೇರಿ ಎಷ್ಟೋ ಸಲ 100 ಕೆಜಿ ದಾಟತ್ತೆ, ಅದನ್ನ ಮೆಟ್ಟಿಲಲ್ಲಿ ಹೊತ್ಕೊಂಡು ಇಳಿಸಕ್ಕೆ ಹೋಗ್ಬೇಡಿ, ಚೇರ್ ಮೇಲೇ ಇರ್ಲಿ, ಮನುಷ್ಯ ಕೆಳಗೆ ಬರ್ಲಿ. ಅದಕ್ಕೆ ಇವ್ಯಾಕ್ಯುಯೇಶನ್ ಚೇರ್ ಅಂತ ಬರತ್ತೆ, ಮೆಟ್ಟಿಲ ಮೇಲೆ ಜಾರಿಸ್ಕೊಂಡು ಇಳಿಸೋದು, ಬಿಲ್ಡಿಂಗ್‌ನವರು ಒಂದು ಇಡಬೇಕು ಅಂತ ಕೇಳಿ, ಅದನ್ನ ಬಳಸೋಕೆ ಇಬ್ರು ಮೂರು ಜನ ಕಲೀಲಿ. ಇಳಿಸೋರು ಬರೋವರೆಗೆ ಫೈರ್ ಡೋರ್ (ಬೆಂಕಿ, ಹೊಗೆ ತಡೆಯೋ ಬಾಗಿಲು) ಇರೋ ಮೆಟ್ಟಿಲ ಲ್ಯಾಂಡಿಂಗ್‌ಗೆ ಹೋಗಿ ಬಾಗಿಲು ಹಾಕ್ಕೊಂಡು ಫೈರ್ ಸರ್ವೀಸ್‌ಗೆ ಫೋನ್ ಮಾಡಿ, ಎಷ್ಟನೇ ಮಹಡಿ, ಯಾವ ಕಡೆ ಮೆಟ್ಟಿಲು, ವೀಲ್‌ಚೇರ್ ಇರೋರು ಅಂತ ಮೊದಲನೇ ವಾಕ್ಯದಲ್ಲೇ ಹೇಳಿ. ಆಚೆ ಕಾರಿಡಾರಲ್ಲಿ ಹೊಗೆ ತುಂಬಿದ್ರೆ ಹೋಗ್ಲೇಬೇಡಿ, ಮನೆ ಒಳಗೇ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿ ಹತ್ರ ಇರಿ.

ಇನ್ನೊಂದು, ಇದನ್ನ ತುಂಬಾ ಜನ ಮರೀತಾರೆ. ಸರ್‌ನ ಎತ್ತುವಾಗ ಟ್ಯೂಬ್ ಮಡಚಿಕೊಂಡು ಯೂರಿನ್ ನಿಂತ್ರೆ, ಏಟು ಟಿ6 (ಬೆನ್ನುಮೂಳೆಯ ಎದೆ ಭಾಗದ ಆರನೇ ಮೂಳೆ) ಮಟ್ಟದಲ್ಲೋ ಅದಕ್ಕಿಂತ ಮೇಲೋ ಆಗಿರೋರಿಗೆ ಬಿಪಿ ಗಬಕ್ಕನೆ ಏರತ್ತೆ. ತಲೆ ಸಿಡಿಯೋ ಹಾಗೆ ನೋವು, ಮುಖ ಕೆಂಪಗೆ, ಏಟಾದ ಜಾಗದಿಂದ ಮೇಲೆ ಬೆವರು. ಗಾಬರೀಲಿ ಮಲಗಿಸಿಬಿಡಬೇಡಿ, ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೊದಲು ಟ್ಯೂಬ್ ನೋಡಿ, ಕಡಿಮೆ ಆಗದಿದ್ರೆ ತಕ್ಷಣ ಆಂಬುಲೆನ್ಸ್. ಆಮೇಲೆ ಚೇರ್ ಬಿಟ್ರೂ ಕುಶನ್ ಬಿಡಬೇಡಿ. ಗಟ್ಟಿ ನೆಲದ ಮೇಲೆ ಕೆಲವು ಗಂಟೆ ಕೂತ್ರೆ ಸಾಕು, ಅವರಿಗೆ ಗೊತ್ತೇ ಆಗದ ಹಾಗೆ ಹುಣ್ಣು ಶುರುವಾಗತ್ತೆ, ವಾಸಿಯಾಗಕ್ಕೆ ತಿಂಗಳುಗಟ್ಟಲೆ.

ಕಾಮೆಂಟ್: ಅವರು ಹೇಳ್ತಿರೋ ಸರ್ ನಾನೇ 🙂 ಒಂದು ವಿಷಯ ಅವರು ಬರೆದಿಲ್ಲ. ಆಮೇಲೆ ಕೆಳಗಿನ ಮನೆ ಹುಡುಗ್ರಿಬ್ರು ಮೇಲೆ ಓಡಿ ಬಂದ್ರು, ಪಾಪ ಒಳ್ಳೆ ಮನಸ್ಸಿಂದಾನೇ, ಬಂದೋರೇ ಇಬ್ರೂ ಒಂದೊಂದು ಆರ್ಮ್‌ರೆಸ್ಟ್ ಹಿಡಿದು ಎತ್ತಿದ್ರು. ಆರ್ಮ್‌ರೆಸ್ಟ್ ಕಳಚೋದು! ಒಂದು ಅವನ ಕೈಲೇ ಬಂತು, ನಾನು ಒಂದು ಕಡೆ ವಾಲಿದೆ. ಎಲ್ಲಿ ಹಿಡೀಬೇಕು ಅಂತ ಒಬ್ರೂ ನನ್ನ ಕೇಳ್ಲಿಲ್ಲ, ಇವರನ್ನ ಕೇಳ್ತಿದ್ರು, "ಅವರನ್ನ ಹೇಗೆ ಎತ್ತೋದು" ಅಂತ. ನಂಗೆ ಬಾಯಿ ಇದೆ ಸ್ವಾಮಿ.

ಉತ್ತರ: ಸರ್, ನೀವು ಬಂದಿದ್ದೇ ಒಳ್ಳೇದಾಯ್ತು, ಪ್ಲಾನ್ ಬರೀಬೇಕಾದೋರು ನೀವೇ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇದೆಯಲ್ಲ, ಅದರ 11ನೇ ವಿಧಿ ಇದರ ಬಗ್ಗೇನೇ, ವಿಪತ್ತಿನ ಟೈಮಲ್ಲಿ ರಕ್ಷಣೆ ಕೊಡೋದು ಸರ್ಕಾರಗಳ ಹೊಣೆ ಅಂತ. ಆದ್ರೆ ಮೆಟ್ಟಿಲ ಹತ್ರ ಆ ಹುಡುಗ್ರಿಗೆ ವಿಧಿ ಓದಿ ಹೇಳಕ್ಕಾಗಲ್ಲ. ಹಾಗಾಗಿ ನಾಕೇ ನಾಕು ವಾಕ್ಯ ಬಾಯಿಪಾಠ ಮಾಡ್ಕೊಳ್ಳಿ, ಜೋರಾಗಿ ಹೇಳಿ ಅಭ್ಯಾಸ ಮಾಡಿ: "ನಿಲ್ಲಿ. ಚೇರ್ ಇಲ್ಲೇ ಇರ್ಲಿ. ಒಬ್ರು ಹಿಂದಿನಿಂದ ನನ್ನ ಕಂಕುಳ ಕೆಳಗೆ ಕೈ ಹಾಕಿ, ಒಬ್ರು ಮಂಡಿ ಕೆಳಗೆ. ಟ್ಯೂಬ್ ಎಳೀಬೇಡಿ." ನಿಮ್ಮ ಮೈಗೆ ಯಾವ ಹಿಡಿತ ಸರಿ ಅಂತ ನಿಮ್ಮ ಫಿಸಿಯೋ ಹತ್ರ ಒಂದ್ಸಲ ನೋಡಿಸ್ಕೊಂಡು ವಾಕ್ಯ ತಿದ್ದಿ. ಅದನ್ನೇ ಒಂದು ಕಾರ್ಡಲ್ಲಿ ಬರೆದು ಚೇರ್ ಹಿಂದೆ ನೇತುಹಾಕಿ.

ಹಾಗೇ ಚಕ್ರದಿಂದ ಮೋಟಾರ್ ಬಿಡಿಸೋ ಲಿವರ್ ಎಲ್ಲಿದೆ ಅಂತ ಇಬ್ರಿಗಾದ್ರೂ ತೋರಿಸಿ, ಬ್ಯಾಟರಿ ಸತ್ರೆ ತಳ್ಳಕ್ಕೆ ಅದೇ ದಾರಿ. ಹುಷಾರು, ಅದನ್ನ ಬಿಡಿಸಿದ್ರೆ ಬ್ರೇಕೂ ಇರಲ್ಲ, ಇಳಿಜಾರಲ್ಲಿ ಕೈ ಬಿಟ್ರೆ ಹೋಯ್ತು.

ಪ್ರಶ್ನೆ (ಇನ್ನೊಬ್ರು): ಮೇಡಂ ನಮ್ಮಮ್ಮನಿಗೆ ಆಕ್ಸಿಜನ್ ಕಾನ್ಸಂಟ್ರೇಟರ್, ದಿನಪೂರ್ತಿ, ನಿಮಿಷಕ್ಕೆ 2 ಲೀಟರಲ್ಲಿ. ಕರೆಂಟ್ ಹೋದ್ರೆ ಒಂದು ಸಿಲಿಂಡರ್ ಇದೆ, ಸಾಕಾಗತ್ತಾ?

ಉತ್ತರ: ಸಿಲಿಂಡರ್ ತುಂಬಿದಾಗ ಎಷ್ಟು ಲೀಟರ್ ಅಂತ ಸಪ್ಲೈಯರ್‌ನ ಕೇಳಿ, ನಿಮಿಷಕ್ಕೆ ಬೇಕಾದ ಲೀಟರಿಂದ ಭಾಗಿಸಿ. 680 ಲೀಟರಿಂದು ಅಂದ್ಕೊಳ್ಳಿ, 2 ಲೀಟರಲ್ಲಿ 340 ನಿಮಿಷ, ಐದೂವರೆ ಗಂಟೆ ಮೇಲೆ ಸ್ವಲ್ಪ. ಪೂರ್ತಿ ಖಾಲಿಯಾಗೋವರೆಗೆ ಕಾಯಬಾರದು, ಐದು ಗಂಟೆ ಅಂತಾನೇ ಲೆಕ್ಕ ಇಟ್ಕೊಂಡು ಅದರೊಳಗೆ ಎಲ್ಲಿಗೆ ಹೋಗೋದು ಅಂತ ಈಗ್ಲೇ ತೀರ್ಮಾನ ಮಾಡಿ. ಮತ್ತೆ ದಯವಿಟ್ಟು, ಕರೆಂಟ್ ಹೋಯ್ತು ಅಂತ ಆ ರೂಮಲ್ಲಿ ಮೇಣದಬತ್ತಿ ಹಚ್ಚಬೇಡಿ. ಟಾರ್ಚ್ ಮಾತ್ರ.

ಪ್ರಶ್ನೆ (ಆಟಿಸಂ ಇರೋ ಮಗುವಿನ ತಾಯಿ): ನನ್ನ ಮಗನಿಗೆ ಅಲಾರಂ ಸದ್ದು ಕೇಳಿದ್ರೆ ಮಂಚದ ಕೆಳಗೆ ಸೇರ್ಕೊಳ್ತಾನೆ, ಮಾತು ಕಮ್ಮಿ, ಟ್ಯಾಬಲ್ಲಿ ಚಿತ್ರ ಒತ್ತಿ ಹೇಳ್ತಾನೆ.

ಉತ್ತರ: ಸದ್ದು ತಡೆಯೋ ಹೆಡ್‌ಫೋನ್ ಬಾಗಿಲ ಹತ್ರಾನೇ ನೇತುಹಾಕಿ. ಅಲಾರಂ ಸದ್ದನ್ನ ಫೋನಲ್ಲಿ ಸಣ್ಣಗೆ ಹಾಕಿ, ಶೂ ಹಾಕ್ಕೊಂಡು ಆಚೆ ಹೋಗಿ ಬರೋದನ್ನ ಆಟದ ಹಾಗೆ ಮಾಡಿಸಿ, ದಿನ ಕಳೆದ ಹಾಗೆ ಸದ್ದು ಒಂಚೂರು ಜಾಸ್ತಿ. ಟ್ಯಾಬ್ ಚಾರ್ಜ್ ಮುಗಿದಾಗ ಬೇಕಾಗತ್ತೆ, ಮುಖ್ಯ ಚಿತ್ರಗಳನ್ನ ಕಾಗದದಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡ್ಸಿ. ಫಿಟ್ಸ್ ಮಾತ್ರೆ ಇದ್ರೆ ಒಂದು ವಾರದ್ದು ಬ್ಯಾಗಲ್ಲಿ ಬೇರೆ ಇಡಿ, ಅದು ದಿಢೀರಂತ ನಿಂತ್ರೆ ಫಿಟ್ಸ್ ವಾಪಸ್ ಬರತ್ತೆ.

ಪ್ರಶ್ನೆ (ಮೊದಲು ಕೇಳಿದವರೇ): ಮೇಡಂ ಇನ್ನೊಂದು ಕೇಳ್ಲಾ, ಸರ್ ಬೇಜಾರ್ ಮಾಡ್ಕೋಬೇಡಿ. ನಂಗೂ ಎರಡು ಸಣ್ಣ ಮಕ್ಳಿದಾವೆ. ಪ್ರವಾಹ ಗಿವಾಹ ಅಂತ ಬಂದ್ರೆ ನಾನು ಸರ್‌ನ ಬಿಟ್ಟು ಮನೆಗೆ ಓಡಬೋದಾ? ಕೇಳಕ್ಕೂ ನಾಚಿಕೆ ಆಗತ್ತೆ.

ಉತ್ತರ: ನಾಚಿಕೆ ಯಾಕೆ, ಕೇಳಲೇಬೇಕಾದ ಪ್ರಶ್ನೆ. ಇನ್ನೊಬ್ಬರ ಕೈಗೆ ಒಪ್ಪಿಸದೇ ಬಿಟ್ಟು ಹೋಗಕ್ಕಾಗಲ್ಲ, ಹಾಗಂತ ನಿಮ್ಮ ಮಕ್ಳನ್ನ ಮರೆತು ಅಲ್ಲೇ ಇರಿ ಅಂತ ಹೇಳೋ ಹಕ್ಕೂ ಯಾರಿಗೂ ಇಲ್ಲ. ಆದ್ರಿಂದ ಎರಡು ಹೆಸರು ಬೇಕು, ಅವತ್ತು ನಿಮ್ಮ ಮಕ್ಳ ಹತ್ರ ಯಾರು, ಸರ್ ಹತ್ರ ನಿಮ್ಮ ಬದಲಿಗೆ ಯಾರು. ಆ ಬದಲಿ ಮನುಷ್ಯನಿಗೆ ಒಂದ್ಸಲನಾದ್ರೂ ಬ್ಯಾಗ್ ಖಾಲಿ ಮಾಡೋದು, ಬೆಡ್ಡಿಂದ ಚೇರ್‌ಗೆ ತರೋದು ಕೈಯಾರೆ ಮಾಡ್ಸಿ, ಬರೀ ಫೋನ್ ನಂಬರ್ ಬರೆದಿಟ್ರೆ ಆಗಲ್ಲ. ಮಳೆ ಮುನ್ಸೂಚನೆ ಬಂದ ದಿನಾನೇ ಏಜೆನ್ಸಿಗೂ ಮನೆಯವರಿಗೂ ಹೇಳಿ, ನೀರು ಬಂದ ಮೇಲಲ್ಲ.

ಕಾಮೆಂಟ್ (ಸರ್): ಬೇಜಾರೇನಿಲ್ಲಮ್ಮ, ಮೊದ್ಲೇ ಕೇಳಿದ್ರೂ ಇದನ್ನೇ ಹೇಳ್ತಿದ್ದೆ. ಆ ಆರ್ಮ್‌ರೆಸ್ಟ್ ಕಿತ್ತ ಹುಡುಗನ್ನೇ ಭಾನುವಾರ ಬಾ ಅಂದಿದೀನಿ, ಬದಲಿ ಅವನೇ. ಲಿವರ್ರಿಂದ ಶುರು ಮಾಡ್ತೀವಿ, ಬ್ಯಾಗ್ ಅಂದಾಗ ಮುಖ ಹೇಗ್ ಮಾಡ್ತಾನೋ ನೋಡೋಣ 😄